ವಯಸ್ಸಾದವರ ಹಣ, ಒಡವೆ, ಆಸ್ತಿ: ನೋಡಿಕೊಳ್ಳುವವರ ಕೈಯಲ್ಲಿ ಸೋರಿಹೋಗದಂತೆ ಕಾಯುವ ಬಗೆ

ಹಾಸನದ ಬಡಾವಣೆಗಳಲ್ಲಿ, ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ ಈಗ ವಯಸ್ಸಾದವರೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಇಲ್ಲವೇ ಹೊರದೇಶದಲ್ಲಿದ್ದಾರೆ. ಸ್ನಾನ ಮಾಡಿಸಲು, ಮಾತ್ರೆ ಕೊಡಲು, ರಾತ್ರಿ ಪಕ್ಕದಲ್ಲಿ ಮಲಗಲು ಒಬ್ಬ ಹೋಮ್ ನರ್ಸ್ ಅಥವಾ ಮನೆಯಲ್ಲೇ ಇರುವ ಕೆಲಸದಾಕೆ. ಕೆಲವು ಮನೆಗಳಲ್ಲಿ ಅಣ್ಣನ ಮಗನೋ ತಂಗಿಯ ಮಗಳೋ ಬಂದು ನೆಲೆಸಿರುತ್ತಾರೆ. ಇವರಲ್ಲಿ ಬಹುಪಾಲು ಜನ ನಿಯತ್ತಿನಿಂದ ದುಡಿಯುವವರು. ಕಳವು ನಡೆಯುವ ಮನೆಗಳನ್ನು ನೋಡಿದರೆ ಕೆಟ್ಟ ಮನುಷ್ಯನಿಗಿಂತ ಮೊದಲು ಕಣ್ಣಿಗೆ ಬೀಳುವುದು ಕೆಟ್ಟ ಏರ್ಪಾಡು. ದುಡ್ಡು ತರುವುದು, ಖರ್ಚು ಮಾಡುವುದು, ಲೆಕ್ಕ ಹೇಳುವುದು, ಬೀರುವಿನ ಕೀಲಿ, ಅಜ್ಜಿಯ ಫೋನು ಎಲ್ಲವೂ ಒಬ್ಬರ ಕೈಯಲ್ಲೇ ಇರುತ್ತದೆ.

ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ಸೂತ್ರ: ಹಣ ಮುಟ್ಟುವವರು ಬೇರೆ, ಲೆಕ್ಕ ನೋಡುವವರು ಬೇರೆ. ಸಂಬಂಧಿಕರಿಗೂ ಸಂಬಳದವರಿಗೂ ಇದೇ ನಿಯಮ ಇರಲಿ. ನೆಂಟರಿಗೆ ವಿನಾಯಿತಿ ಕೊಟ್ಟ ಮನೆಗಳಲ್ಲೇ ದೊಡ್ಡ ಮೊತ್ತ ಹೋಗುವುದು. ಏಕೆಂದರೆ ಅಲ್ಲಿ ಕೇಳುವುದಕ್ಕೇ ಮುಜುಗರ.

ಸೋರುವುದು ಎಲ್ಲಿ

ಚಿನ್ನದ ಸರ ಒಂದೇ ದಿನದಲ್ಲಿ ಮಾಯವಾಗುವುದು ಕಡಿಮೆ. ಸಾಮಾನ್ಯವಾಗಿ ಮೊದಲು ಅಂಗಡಿಯ ಚಿಲ್ಲರೆ ವಾಪಸು ಬರುವುದಿಲ್ಲ. ಆಮೇಲೆ ತರದ ಸಾಮಾನಿಗೆ ಲೆಕ್ಕ ಬರುತ್ತದೆ. ಯಾರೂ ಕೇಳದಿದ್ದರೆ ಎಟಿಎಮ್‌ನಿಂದ ಮೂರು ಸಾವಿರ ತರಲು ಹೋದವರು ಐದು ಸಾವಿರ ತೆಗೆಯುತ್ತಾರೆ. ಇನ್ನೂ ಕೇಳದಿದ್ದರೆ ಒಡವೆ ಗಿರವಿ ಅಂಗಡಿಗೆ ಹೋಗುತ್ತದೆ, ‘ಮುಂದಿನ ತಿಂಗಳು ಬಿಡಿಸಿ ಇಟ್ಟರಾಯಿತು’ ಎಂಬ ಲೆಕ್ಕದಲ್ಲಿ. ಕೊನೆಯ ಹಂತ ಹೆಬ್ಬೆಟ್ಟು, ಸಹಿ, ಆಸ್ತಿ ಪತ್ರ. ಮೊದಲ ಹಂತದಲ್ಲೇ ಲೆಕ್ಕ ಕೇಳುವ ಮನೆಯಲ್ಲಿ ಮೂರನೇ ಹಂತ ಬರುವುದು ಅಪರೂಪ.

ಇದರ ಜೊತೆಗೆ ಮತ್ತೊಂದು ಬಗೆಯಿದೆ. ವಯಸ್ಸಾದವರೇ ಕೊಡುತ್ತಾರೆ. ಮಗಳ ಫೀಸು, ಗಂಡನ ಆಸ್ಪತ್ರೆ ಖರ್ಚು ಎಂದು ಕಣ್ಣೀರಿಟ್ಟರೆ ಕೈ ಬಿಚ್ಚುತ್ತಾರೆ. ಒಮ್ಮೆ ಕೊಟ್ಟದ್ದು ದಾನ, ತಿಂಗಳು ತಿಂಗಳು ಹೊಸ ಕಾರಣ ಹುಟ್ಟಿದರೆ ಅದು ಸುಲಿಗೆ. ಗೊತ್ತಾದರೂ ಹಿರಿಯರು ಬಾಯಿಬಿಡುವುದಿಲ್ಲ. ‘ತಗೊಂಡ್ರೆ ತಗೊಳ್ಳಲಿ ಬಿಡು, ಅವಳು ಹೋದ್ರೆ ನನ್ನನ್ನ ಬಚ್ಚಲಿಗೆ ಯಾರು ಕರ್ಕೊಂಡು ಹೋಗ್ತಾರೆ?’ ಈ ಮಾತು ಅರ್ಥವಾಗದೆ ಮಾಡುವ ಯಾವ ತನಿಖೆಯೂ ಮುಂದೆ ಸಾಗುವುದಿಲ್ಲ.

ಮೊದಲ ಕೆಲಸ: ಒಡವೆಯ ಪಟ್ಟಿ

ಆಳು ಬರುವ ಮೊದಲು ಅರ್ಧ ದಿನ ಇದಕ್ಕೆ ಎತ್ತಿಡಿ. ಬಿಳಿ ಪಂಚೆಯೊಂದನ್ನು ಕಿಟಕಿಯ ಬೆಳಕಿಗೆ ಹಾಸಿ, ಒಂದೊಂದೇ ಒಡವೆಯನ್ನು ಅಳತೆ ಪಟ್ಟಿಯ ಪಕ್ಕದಲ್ಲಿಟ್ಟು ಎರಡು ಫೋಟೊ ತೆಗೆಯಿರಿ. ಒಂದು ಪೂರ್ತಿ ಒಡವೆಯದು, ಇನ್ನೊಂದು ಕೊಂಡಿ, ಮುದ್ರೆ, ಸವೆದ ಜಾಗ, ಬೆಸುಗೆ ಹಾಕಿಸಿದ ಗುರುತಿನದು. ಪೊಲೀಸರ ಮುಂದೆ ‘ನಮ್ಮದೇ’ ಎಂದು ಹೇಳಲು ನೆರವಾಗುವುದು ಈ ಸವೆತ ಮತ್ತು ಬೆಸುಗೆ. ಹೊಸದರಂತೆ ಹೊಳೆಯುವ ಫೋಟೊ ಅಷ್ಟು ಉಪಯೋಗಕ್ಕೆ ಬರದು.

ಆಮೇಲೆ ತೂಕ. ಪರಿಚಯದ ಆಚಾರರ ಅಂಗಡಿಯ ತಕ್ಕಡಿಯಲ್ಲಿ ಗ್ರಾಂನ ಎರಡು ದಶಾಂಶದವರೆಗೆ ಬರೆಸಿ: ‘ಬಳೆ ನಾಲ್ಕು, ಒಟ್ಟು 48.32 ಗ್ರಾಂ’ ಎಂಬ ಹಾಗೆ. ಅಸಲಿ ಬಳೆ ತೆಗೆದು ಒಂದು ಗ್ರಾಂ ಗೋಲ್ಡಿನ ಬಳೆ ಇಟ್ಟರೆ ಕಣ್ಣಿಗೆ ತಿಳಿಯುವುದಿಲ್ಲ, ತಕ್ಕಡಿಗೆ ತಿಳಿಯುತ್ತದೆ. ಆರು ತಿಂಗಳಿಗೊಮ್ಮೆ ಅದೇ ಪಟ್ಟಿ ಹಿಡಿದು ಮತ್ತೆ ತೂಗಿ. ಸವೆತದಿಂದ ಚೂರುಪಾರು ಕಡಿಮೆಯಾಗಬಹುದು, ಗ್ರಾಂಗಟ್ಟಲೆ ಆಗದು. 2023ರ ಏಪ್ರಿಲ್ ನಂತರ ಕೊಂಡ ಹಾಲ್‌ಮಾರ್ಕ್ ಒಡವೆಯಲ್ಲಿ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರುತ್ತದೆ. ಭೂತಗನ್ನಡಿ ಹಿಡಿದು ಅದನ್ನೂ ಬರೆದುಕೊಳ್ಳಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಯಾವ ಬಗೆಯ ಒಡವೆ, ಎಷ್ಟು ಶುದ್ಧ ಎಂಬುದು ಬರುತ್ತದೆ. ಅಜ್ಜಿಯ ಮದುವೆಯ ಒಡವೆಗಳಿಗೆ ಈ ಸಂಖ್ಯೆ ಇರುವುದಿಲ್ಲ, ಅವಕ್ಕೆ ಫೋಟೊ ಮತ್ತು ತೂಕವೇ ಗತಿ.

ದಿನ ಬಳಕೆಯ ಓಲೆ, ಮೂಗುತಿ, ಕರಿಮಣಿ ಸರ ಬಿಟ್ಟು ಉಳಿದದ್ದು ಲಾಕರಿಗೆ ಹೋಗಲಿ. ಲಾಕರ್ ತೆರೆದ ದಿನವೇ ಬ್ಯಾಂಕು ನೋಂದಾಯಿತ ಮೊಬೈಲಿಗೂ ಇಮೇಲಿಗೂ ಸಂದೇಶ ಕಳಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮೊಬೈಲು ಹಿರಿಯರ ಬಳಿಯೇ ಇರುವುದರಿಂದ ಇಮೇಲು ಮಕ್ಕಳದಿರಲಿ.

ಕೈಯಲ್ಲಿರುವ ಬಳೆ, ಉಂಗುರದ ಬಗ್ಗೆ ಒಂದು ಮಾತು. ವಯಸ್ಸಾದಂತೆ ಮೈ ಇಳಿಯುತ್ತದೆ, ಕೈ ಸಣ್ಣಗಾಗುತ್ತದೆ. ಸ್ನಾನದ ಹೊತ್ತು ಸೋಪಿಗೆ ಜಾರಿದ ಉಂಗುರ ಬಚ್ಚಲ ಮೋರಿಗೆ ಹೋಗಿ ಆಳಿನ ತಲೆಗೆ ಕಟ್ಟಿದ ಪ್ರಸಂಗಗಳು ಕಡಿಮೆಯೇನಲ್ಲ. ಬೆರಳಿನಲ್ಲಿ ಸಡಿಲವಾಗಿ ತಿರುಗುವ ಉಂಗುರವನ್ನು ತೆಗೆದಿಡಿ, ಇಲ್ಲವೇ ಬಿಗಿ ಮಾಡಿಸಿ.

ಕೈಖರ್ಚಿನ ಲೆಕ್ಕ

ಕಚೇರಿಗಳಲ್ಲಿ ಚಿಲ್ಲರೆ ಖರ್ಚಿಗೆ ಬಳಸುವ ಹಳೆಯ ಪದ್ಧತಿ ಮನೆಗೂ ಸರಿಹೊಂದುತ್ತದೆ. ವಾರದ ಖರ್ಚಿಗೆ ಒಂದು ನಿಶ್ಚಿತ ಮೊತ್ತ, ಉದಾಹರಣೆಗೆ ₹4,000, ಒಂದು ಡಬ್ಬಿಯಲ್ಲಿಡಿ. ಮುಂದಿನ ಸೋಮವಾರ ಬಿಲ್ಲುಗಳನ್ನು ಕೂಡಿಸಿ, ಉಳಿದ ನೋಟು ಎಣಿಸಿ. ಬಿಲ್ಲು ₹2,760, ಉಳಿಕೆ ₹1,240 ಇದ್ದರೆ ಲೆಕ್ಕ ಸರಿ. ಆಗ ಹೊಸದಾಗಿ ನಾಲ್ಕು ಸಾವಿರ ಕೊಡಬೇಡಿ, ಖರ್ಚಾದ ₹2,760 ಮಾತ್ರ ತುಂಬಿಸಿ. ಡಬ್ಬಿ ಮತ್ತೆ ₹4,000 ಆಗುತ್ತದೆ. ಬಿಲ್ಲು ಮತ್ತು ಉಳಿಕೆ ಕೂಡಿದರೆ ಪ್ರತಿ ವಾರ ಅದೇ ಸಂಖ್ಯೆ ಬರಬೇಕು. ಬರದಿದ್ದರೆ ವ್ಯತ್ಯಾಸ ಅವತ್ತೇ ಗೊತ್ತಾಗುತ್ತದೆ, ಆರು ತಿಂಗಳ ನಂತರ ಹಳೇ ಪುಸ್ತಕ ಕೆದಕಬೇಕಿಲ್ಲ.

ಸೊಪ್ಪು, ಹೂವು, ಆಟೋಗೆ ಬಿಲ್ಲು ಸಿಗದು. ಅದಕ್ಕೆ ಪುಸ್ತಕದಲ್ಲಿ ಬೇರೆ ಕಾಲಮ್ಮು, ವಾರಕ್ಕೆ ಒಂದು ಮಿತಿ. ‘ಸೊಪ್ಪು 50, ಹೂವು 50, ಆಟೋ 100’ ಎಂದು ದಿನವೂ ದುಂಡು ಅಂಕಿಗಳೇ ಇದ್ದರೆ ಅದು ರಾತ್ರಿ ಕೂತು ಬರೆದ ಲೆಕ್ಕ. ನಿಜವಾದ ಖರ್ಚಿನಲ್ಲಿ 35, 70, 12 ಬಂದೇ ಬರುತ್ತವೆ.

ದೂರದಲ್ಲಿರುವ ಮಕ್ಕಳು ಪುಸ್ತಕದ ಪುಟ, ಬಿಲ್ಲು, ಉಳಿದ ನೋಟುಗಳನ್ನು ಸೇರಿಸಿ ಒಂದು ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಿ. ಕೇಳುವ ದಿನ ಬದಲಾಗದಿರಲಿ. ಮೂರು ವಾರ ಕೇಳದೆ ನಾಲ್ಕನೇ ವಾರ ಗದರಿದರೆ ಅದು ಅವಮಾನವೆನಿಸುತ್ತದೆ, ವಾರ ವಾರ ಕೇಳಿದರೆ ಕೆಲಸದ ಭಾಗವೆನಿಸುತ್ತದೆ.

ಸಾಮಾನಿನ ಲೆಕ್ಕಕ್ಕೆ ಒಂದೆರಡು ವಸ್ತು ಸಾಕು. ಹಾಸಿಗೆ ಹಿಡಿದವರಿಗೆ ದಿನಕ್ಕೆ ಮೂರು ಡೈಪರ್ ಬೇಕಾದರೆ ತಿಂಗಳಿಗೆ 90, ಹತ್ತರ ಪೊಟ್ಟಣವಾದರೆ ಒಂಬತ್ತು. ಭೇದಿಯಾದ ತಿಂಗಳು ಹತ್ತೋ ಹನ್ನೊಂದೋ ಆಗಲಿ. ತಿಂಗಳು ತಿಂಗಳು ಹದಿನಾಲ್ಕು ಪೊಟ್ಟಣದ ಬಿಲ್ಲು ಬರುತ್ತಿದ್ದರೆ, ಒಂದೋ ಔಷಧಿ ಅಂಗಡಿಗೆ ವಾಪಸಾಗುತ್ತಿವೆ, ಇಲ್ಲವೇ ಬೇರೆ ಮನೆಗೆ ಹೋಗುತ್ತಿವೆ. ಅದಕ್ಕಿಂತ ಕೆಟ್ಟದ್ದು ಇದರ ತಿರುವುಮುರುವು. ಬಿಲ್ಲು ಒಂಬತ್ತರದೇ ಇದ್ದು ಅಜ್ಜನ ಸೊಂಟದಲ್ಲಿ ಒತ್ತುಹುಣ್ಣು ಕಾಣಿಸಿಕೊಂಡರೆ, ಡೈಪರು ಮಾರಾಟವಾಗಿ ಇವರು ಒದ್ದೆಯಲ್ಲೇ ಮಲಗಿದ್ದಾರೆಯೇ ಎಂದು ನೋಡಿ.

ಮಾತ್ರೆಗಳನ್ನೂ ಎಣಿಸಿ, ಮುಖ್ಯವಾಗಿ ನಿದ್ರೆಯದು ಮತ್ತು ಬಲವಾದ ನೋವಿನದು. ಇವು ಬೇಗ ಖಾಲಿಯಾದರೆ ಎರಡು ಸಾಧ್ಯತೆ: ಹೊರಗೆ ಹೋಗುತ್ತಿವೆ, ಅಥವಾ ರಾತ್ರಿ ಎಬ್ಬಿಸಬಾರದೆಂದು ಹಿರಿಯರಿಗೇ ಹೆಚ್ಚು ಕೊಡಲಾಗುತ್ತಿದೆ. ಹಗಲಿಡೀ ತೂಕಡಿಕೆ, ಹೊಸದಾಗಿ ತೊದಲು, ನಡೆಯುವಾಗ ವಾಲುವುದು ಕಂಡರೆ ಲೆಕ್ಕದ ವಿಚಾರ ಆಮೇಲೆ, ಮೊದಲು ವೈದ್ಯರಿಗೆ ತೋರಿಸಿ.

ಹಿರಿಯರ ಕೈಯಿಂದ ಪೂರ್ತಿ ಹಣ ಕಿತ್ತುಕೊಳ್ಳಬೇಡಿ. ಅವರ ದಿಂಬಿನ ಕೆಳಗೋ ಸಂಚಿಯಲ್ಲೋ ಐನೂರು ರೂಪಾಯಿ ಇರಲಿ, ಹೋದರೆ ಹೋಗಲಿ. ಮೊಮ್ಮಗುವಿಗೆ ಕೊಡಲು ಹತ್ತು ರೂಪಾಯಿಯೂ ಇಲ್ಲದಂತೆ ಮಾಡುವುದು ಕಾವಲಲ್ಲ.

ಬ್ಯಾಂಕು, ಕಾರ್ಡು, ಫೋನು

ಎಲ್ಲಕ್ಕಿಂತ ಗಟ್ಟಿಯಾದ ಏರ್ಪಾಡು ಎರಡು ಖಾತೆ. ಪಿಂಚಣಿ, ಬಡ್ಡಿ, ಕಾಫಿ–ಅಡಿಕೆ ಮಾರಿದ ಹಣ ಬರುವ ದೊಡ್ಡ ಖಾತೆಗೆ ಎಟಿಎಮ್ ಕಾರ್ಡೂ ಬೇಡ, ಯುಪಿಐ ಕೂಡ ಬೇಡ. ಅದರಿಂದ ತಿಂಗಳ ಮೊದಲ ತಾರೀಕು ನಿಗದಿತ ಮೊತ್ತ ತಾನಾಗಿ ಚಿಕ್ಕ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಸ್ಥಾಯಿ ಸೂಚನೆ ಬರೆದುಕೊಡಿ. ಕಾರ್ಡು, ಖರ್ಚು ಎಲ್ಲ ಚಿಕ್ಕ ಖಾತೆಯದು. ಏನೇ ಮೋಸವಾದರೂ ಒಂದು ತಿಂಗಳ ಖರ್ಚಿನ ಹಣವಷ್ಟೇ ಹೋದೀತು.

ಠೇವಣಿಯನ್ನು ಮಗ ಅಥವಾ ಮಗಳ ಜೊತೆ ಜಂಟಿಯಾಗಿಟ್ಟು ‘ಇಬ್ಬರೂ ಸೇರಿ’ ಎಂಬ ಷರತ್ತು ಹಾಕಿದರೆ ಅವಧಿಗೆ ಮೊದಲು ಒಬ್ಬರೇ ಮುರಿಸಲಾಗದು. ಇದರ ತೊಂದರೆಯೂ ಗೊತ್ತಿರಲಿ. ಹಿರಿಯರು ಐಸಿಯುನಲ್ಲಿದ್ದಾಗ ತುರ್ತಿಗೆ ಮುರಿಸುವುದೂ ಕಷ್ಟ. ಹಾಗಾಗಿ ಎಲ್ಲ ಠೇವಣಿಯನ್ನೂ ಹೀಗೆ ಇಡಬೇಡಿ.

ಕಾರ್ಡಿನಲ್ಲಿ ಮಾಡಬೇಕಾದ್ದು ಮೂರು: ಆನ್‌ಲೈನ್ ಬಳಕೆ ಬಂದ್, ಎಟಿಎಮ್‌ನ ದಿನದ ಮಿತಿ ಅಗತ್ಯದಷ್ಟಕ್ಕೆ ಇಳಿಕೆ, ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಹಣ ಕಟ್ಟುವ ‘ಟ್ಯಾಪ್’ ಸೌಲಭ್ಯ ಬಂದ್. ಕೊನೆಯದನ್ನು ಯಾರೂ ಮಾಡುವುದಿಲ್ಲ. ಟ್ಯಾಪ್ ಇದ್ದರೆ ₹5,000ವರೆಗೆ ಪಿನ್ ಇಲ್ಲದೆಯೇ ಪಾವತಿಯಾಗುತ್ತದೆ, ಕಾರ್ಡು ಕೈಯಲ್ಲಿದ್ದರೆ ಸಾಕು.

ಪಿನ್ ಹೇಳಿಕೊಟ್ಟು ಆಳನ್ನು ಎಟಿಎಮ್‌ಗೆ ಕಳಿಸುವುದು ನಮ್ಮ ಕಡೆ ದಿನನಿತ್ಯದ ರೂಢಿ. ಇದರಲ್ಲಿ ದೊಡ್ಡ ಕುಣಿಕೆಯಿದೆ. ಅನಧಿಕೃತ ವಹಿವಾಟಿನ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಪಿನ್ ಹಂಚಿಕೊಂಡಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ. ತಿಳಿಸಿದ ನಂತರದ್ದು ಮಾತ್ರ ಬ್ಯಾಂಕಿನದು. ಎಪ್ಪತ್ತು ದಾಟಿದವರಿಗೆ ಮನೆ ಬಾಗಿಲಿಗೆ ಬ್ಯಾಂಕಿಂಗ್ ಸೇವೆ ಒದಗಿಸಬೇಕೆಂದೂ ಅದೇ ವರ್ಷ ಸೂಚನೆಯಿದೆ. ಶಾಖೆಯ ಮ್ಯಾನೇಜರಿಗೆ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ‘ನೋಡೋಣ’ ಎಂಬ ಉತ್ತರವೇ ಸಿಗುವುದು.

ದೂರದಲ್ಲಿರುವ ಮಕ್ಕಳಿಗೆ ಯುಪಿಐ ಸರ್ಕಲ್ ಒಂದು ಒಳ್ಳೆಯ ದಾರಿ. ಮಗಳ ಖಾತೆಗೆ ಆಳಿನ ಫೋನನ್ನು ಎರಡನೇ ಬಳಕೆದಾರರಾಗಿ ಸೇರಿಸಿ, ಪ್ರತಿ ಪಾವತಿಗೂ ಮಗಳ ಒಪ್ಪಿಗೆ ಬೇಕೆಂಬ ಆಯ್ಕೆ ಇಡಬಹುದು. ಔಷಧಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದಾಗ ಬೆಂಗಳೂರಿನಲ್ಲಿರುವ ಮಗಳು ಪಿನ್ ಒತ್ತಿದರೆ ಮಾತ್ರ ಹಣ ಹೋಗುತ್ತದೆ.

ಫೋನಿನ ಅಪಾಯ ಇನ್ನೂ ಒಂದಿದೆ. ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು–ವರ್ಷ, ಸಿಮ್ಮಿಗೆ ಬರುವ ಒಟಿಪಿ ಇಷ್ಟಿದ್ದರೆ ಹಲವು ಬ್ಯಾಂಕುಗಳಲ್ಲಿ ಹೊಸ ಯುಪಿಐ ಪಿನ್ ಹುಟ್ಟುತ್ತದೆ. ಸಿಮ್ಮನ್ನು ಹತ್ತು ನಿಮಿಷ ಬೇರೆ ಫೋನಿಗೆ ಹಾಕಿದರೆ ಕೆಲಸ ಮುಗಿಯಿತು. ಅಜ್ಜನ ಕೀಪ್ಯಾಡ್ ಫೋನಿನಲ್ಲಿ ಯುಪಿಐ ಇಲ್ಲ ಎಂಬ ಧೈರ್ಯ ಬೇಡ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಹಾಕಿ. ಮೂರು ಸಲ ತಪ್ಪಿದರೆ ಪಿಯುಕೆ (ಲಾಕಾದ ಸಿಮ್ ತೆರೆಯುವ ಸಂಖ್ಯೆ) ಕೇಳುತ್ತದೆ, ಅದನ್ನು ಮಕ್ಕಳು ಮೊದಲೇ ಬರೆದಿಟ್ಟುಕೊಂಡಿರಬೇಕು.

ಮಳೆಗಾಲದಲ್ಲಿ ಕಳಸ, ಕೊಟ್ಟಿಗೆಹಾರದ ಕಡೆ ದಿನಗಟ್ಟಲೆ ಕರೆಂಟು, ಟವರು ಎರಡೂ ಇರುವುದಿಲ್ಲ. ಎಸ್‌ಎಂಎಸ್ ನಂಬಿ ಕೂರಬೇಡಿ. ತಿಂಗಳಿಗೊಮ್ಮೆ ಪಾಸ್‌ಬುಕ್ ಮುದ್ರಿಸಿ, ಚೆಕ್ ಪುಸ್ತಕದ ಹಾಳೆ ಎಣಿಸಿ. ಕದಿಯುವವರು ಹಾಳೆಯನ್ನು ಮೇಲಿನಿಂದ ಹರಿಯುವುದಿಲ್ಲ, ನಡುವಿನಿಂದಲೋ ಕೊನೆಯಿಂದಲೋ ತೆಗೆಯುತ್ತಾರೆ. ಸಹಿ ಹಾಕಿದ ಖಾಲಿ ಚೆಕ್ಕು, ಅಂಚೆ ಕಚೇರಿಯ ಖಾಲಿ ವಿತ್‌ಡ್ರಾವಲ್ ಫಾರಂ ಮನೆಯಲ್ಲಿ ಒಂದೂ ಇರಬಾರದು.

ಹೆಬ್ಬೆಟ್ಟು

‘ಅಮ್ಮ, ಪಿಂಚಣಿ ಬಂದಿದೆಯಾ ನೋಡ್ತೀನಿ, ಇಲ್ಲೊಂದು ಹೆಬ್ಬೆಟ್ಟು ಒತ್ತಿ.’ ಆಧಾರ್ ಜೋಡಿಸಿದ ಖಾತೆಯಿಂದ ಬೆರಳಚ್ಚು ಯಂತ್ರದಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಸಾಕು. ಪಿನ್ ಇಲ್ಲ, ಒಟಿಪಿ ಇಲ್ಲ. ‘ಬಂದಿಲ್ಲ, ಸರ್ವರ್ ಡೌನ್’ ಎಂದು ಹೇಳಿ ಮತ್ತೊಮ್ಮೆ ಒತ್ತಿಸಿಕೊಂಡರೆ ಎರಡು ಸಲ ಹಣ ತೆಗೆದಂತೆ. ಸಂಧ್ಯಾ ಸುರಕ್ಷಾ, ಗೃಹಲಕ್ಷ್ಮಿಯಂಥ ಹಣ ಹೆಚ್ಚು ಸೋರುವುದು ಇಲ್ಲೇ.

ತಡೆಯುವ ದಾರಿ ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ಆ್ಯಪ್ ಅಥವಾ ತಾಣದಲ್ಲಿ ಬಯೊಮೆಟ್ರಿಕ್ ಲಾಕ್, ಅಂದರೆ ಬೆರಳಚ್ಚಿಗೆ ಬೀಗ, ಹಾಕುವುದು. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬೇಕು. ಲಾಕ್ ಹಾಕಿದ ಮೇಲೆ ಪಡಿತರ ಅಂಗಡಿಯಲ್ಲಿ ಬೆರಳು ಕೆಲಸ ಮಾಡುವುದಿಲ್ಲ. ನವೆಂಬರಿನ ಜೀವಿತ ಪ್ರಮಾಣಪತ್ರಕ್ಕೂ ಅಡ್ಡಿಯಾಗುತ್ತದೆ. ಆ ದಿನ ತಾತ್ಕಾಲಿಕವಾಗಿ ತೆರೆಯಿರಿ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಇದನ್ನು ತಿಳಿಯದೆ ‘ಅಜ್ಜಿಯ ಬೆರಳು ಸವೆದಿದೆ’ ಎಂದುಕೊಂಡು ಆಧಾರ್ ಕೇಂದ್ರಕ್ಕೆ ಅಲೆಯುವವರಿದ್ದಾರೆ. ಹಳೆಯ ಕಳವು ಪತ್ತೆಗೆ ಅದೇ ತಾಣದಲ್ಲಿ ದೃಢೀಕರಣದ ಇತಿಹಾಸ ಸಿಗುತ್ತದೆ, ಕಳೆದ ಆರು ತಿಂಗಳಲ್ಲಿ ಯಾವ ದಿನ ಎಷ್ಟು ಗಂಟೆಗೆ ಬೆರಳು ಬಳಕೆಯಾಗಿದೆ ಎಂದು. ಸರ್ಕಾರದಿಂದ ಏನೇನು ಜಮೆಯಾಗಿದೆ ಎಂಬುದಕ್ಕೆ ಡಿಬಿಟಿ ಕರ್ನಾಟಕ ಆ್ಯಪ್ ನೋಡಿ. ಎರಡನ್ನೂ ಪಾಸ್‌ಬುಕ್ಕಿನ ಪಕ್ಕದಲ್ಲಿಟ್ಟರೆ ಉತ್ತರ ಸಿಗುತ್ತದೆ.

ಆಳು ಇಡುವಾಗ

ಆಧಾರಿನ ಜೆರಾಕ್ಸ್ ಇಟ್ಟುಕೊಂಡರೆ ಪರಿಶೀಲನೆ ಮುಗಿಯಿತೆಂದು ಎಲ್ಲರೂ ತಿಳಿದಿದ್ದಾರೆ. ಮೂಲ ಕಾರ್ಡು ನೋಡಿ, ಅದರ ಕ್ಯೂಆರ್ ಸ್ಕ್ಯಾನ್ ಮಾಡಿ. ಊರಿನ ವಿಳಾಸ, ಮನೆಯ ಇನ್ನೊಬ್ಬರ ನಂಬರು, ಹಿಂದೆ ಕೆಲಸ ಮಾಡಿದ ಎರಡು ಮನೆಯ ನಂಬರು ತೆಗೆದುಕೊಳ್ಳಿ, ಮತ್ತು ಆ ಮನೆಗಳಿಗೆ ನೀವೇ ಫೋನ್ ಮಾಡಿ. ಕೇಳಬೇಕಾದ ಪ್ರಶ್ನೆ ‘ಹೇಗಿದ್ದರು?’ ಎಂದಲ್ಲ. ‘ಮತ್ತೆ ನಿಮ್ಮ ಮನೆಗೆ ಬರುತ್ತೇನೆಂದರೆ ಸೇರಿಸಿಕೊಳ್ಳುತ್ತೀರಾ?’ ಎಂದು ಕೇಳಿ. ಉತ್ತರಕ್ಕೆ ಮುಂಚಿನ ಆ ಕ್ಷಣದ ಮೌನ ಬಹಳ ಹೇಳುತ್ತದೆ. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬಹುದು. ‘ನರ್ಸ್’ ಎಂದು ಹೇಳಿ ನರ್ಸಿನ ಸಂಬಳ ಕೇಳಿದರೆ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಬಹಳಷ್ಟು ಹೋಮ್ ನರ್ಸ್‌ಗಳು ತರಬೇತಿ ಪಡೆದ ನರ್ಸ್‌ಗಳಲ್ಲ, ಆರೈಕೆ ಮಾಡುವವರು. ಅದೇನೂ ತಪ್ಪಲ್ಲ, ಗೊತ್ತಿರಬೇಕು ಅಷ್ಟೆ.

ಏಜೆನ್ಸಿಯ ಮೂಲಕವಾದರೆ ಕರಾರಿನಲ್ಲಿ ಇವು ಇರಲಿ: ಕಳವಾದರೆ ಏಜೆನ್ಸಿ ತನಿಖೆಗೆ ದಾಖಲೆ ಒದಗಿಸಬೇಕು, ಬದಲಿ ಆಳು ಕಳಿಸುವ ಮುಂಚೆ ಹೆಸರು, ಗುರುತಿನ ಚೀಟಿ ಕಳಿಸಬೇಕು, ಹಿರಿಯರಿಂದ ನೇರವಾಗಿ ಸಾಲ, ಉಡುಗೊರೆ ಪಡೆಯುವಂತಿಲ್ಲ. ಸೀರೆ, ಹಬ್ಬದ ಇನಾಮಿನಂಥದ್ದು ಮನೆಯವರ ಮೂಲಕವೇ ಹೋಗಲಿ, ಪುಸ್ತಕದಲ್ಲಿ ಬರೆದಿರಲಿ. ನಿಯತ್ತಿನ ಆಳಿಗೂ ಇದರಿಂದ ರಕ್ಷಣೆ: ನಾಳೆ ಅಜ್ಜಿ ಮರೆತು ‘ನನ್ನ ಸೀರೆ ಕದ್ದಳು’ ಎಂದರೆ ಪುಸ್ತಕ ಸಾಕ್ಷಿ ಹೇಳುತ್ತದೆ.

ನಿಮ್ಮ ಕಡೆಯಿಂದಲೂ ಸರಿಯಿರಬೇಕು. ಸಂಬಳ ಹೇಳಿದ ತಾರೀಕಿಗೆ ಬ್ಯಾಂಕಿಗೆ ಹೋಗಲಿ. ವಾರಕ್ಕೊಂದು ರಜೆ, ಕಷ್ಟಕ್ಕೆ ಮುಂಗಡ ಕೇಳಲು ಒಬ್ಬರು ಇರಲಿ. ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡು ಬೀರುವಿನ ಬೀಗ ಗಟ್ಟಿ ಮಾಡಿದರೆ ಏನು ಬಂತು? ವಾರದ ರಜೆಯಿಂದ ಮತ್ತೊಂದು ಲಾಭವಿದೆ. ಆ ದಿನ ಬೇರೆಯವರು ಬಂದು ನೋಡಿಕೊಂಡಾಗ ಮನೆಯ ಒಳಗು ಇನ್ನೊಂದು ಕಣ್ಣಿಗೆ ಬೀಳುತ್ತದೆ. ತಿಂಗಳುಗಟ್ಟಲೆ ರಜೆಯೇ ಬೇಡ ಎನ್ನುವ, ನೆಂಟರು ಬಂದರೆ ‘ಮಲಗಿದ್ದಾರೆ’ ಎಂದು ಬಾಗಿಲಲ್ಲೇ ಕಳಿಸುವ, ಫೋನು ಸದಾ ತಾವೇ ಎತ್ತುವ ಆಳಿನ ಮೇಲೆ, ಅಥವಾ ನೆಂಟನ ಮೇಲೆ, ಒಂದು ಕಣ್ಣಿಡಿ.

ಕ್ಯಾಮೆರಾ ಹಾಕುವುದಾದರೆ ಮುಂಬಾಗಿಲು, ಹಜಾರ, ಬೀರು ಕಾಣುವ ಜಾಗ ಸಾಕು. ಆಳಿಗೆ ಹೇಳಿಯೇ ಹಾಕಿ. ಬಚ್ಚಲು, ಬಟ್ಟೆ ಬದಲಿಸುವ ಕಡೆ ಬೇಡವೇ ಬೇಡ, ಅದು ಅಪರಾಧವಾಗುತ್ತದೆ. ಮಲೆನಾಡಿನಲ್ಲಿ ಯುಪಿಎಸ್ ಇಲ್ಲದ ಕ್ಯಾಮೆರಾ ಮಳೆಗಾಲವಿಡೀ ಅಲಂಕಾರಕ್ಕೆ.

ತೋಟವಿದ್ದರೆ

ಯಜಮಾನರು ಹಾಸಿಗೆ ಹಿಡಿದ ತೋಟದಲ್ಲಿ ಲೆಕ್ಕ ಬರೆಯುವ ರೈಟರೇ ಎಲ್ಲ. ಕಣದಿಂದ ಗೋದಾಮಿಗೆ ಹೋಗುವ ಪ್ರತಿ ಚೀಲಕ್ಕೂ ನಂಬರು ಮತ್ತು ತೂಕ ಬರೆಸಿ. ಗೋದಾಮಿಗೆ ಎರಡು ಬೀಗ, ಒಂದರ ಕೀಲಿ ಬೇರೆಯವರ ಬಳಿ. ಹಸಿ ಕಾಳುಮೆಣಸು ಒಣಗಿದಾಗ ಮೂರನೇ ಒಂದು ಭಾಗದಷ್ಟಾಗುತ್ತದೆ: 100 ಕೆಜಿ ಕೊಯ್ದರೆ 33 ಕೆಜಿಯ ಆಸುಪಾಸು. ಇಪ್ಪತ್ತೈದಕ್ಕೆ ಇಳಿದರೆ ಕಾರಣ ಕೇಳಿ. ಅರಸೀಕೆರೆ ಕಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯನ್ನು ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲ, ಹತ್ತಿ ಎಣಿಸುವುದೂ ಇಲ್ಲ. ಹಾಕುವ ದಿನವೇ ಎಣಿಕೆಯನ್ನು ಅಟ್ಟದ ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಫೋಟೊ ತೆಗೆದಿಡಿ.

ಆಸ್ತಿ ಪತ್ರ

ನೋಂದಣಿಗೆ ಹಿರಿಯರು ಕಚೇರಿಗೆ ಬರಲಾಗದಿದ್ದರೆ ಉಪನೋಂದಣಾಧಿಕಾರಿ ಮನೆಗೇ ಬಂದು ನೋಂದಾಯಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಅನುಕೂಲಕ್ಕೆ ಮಾಡಿದ ಈ ದಾರಿಯಲ್ಲೇ ದಾನಪತ್ರವೂ ಹಾಸಿಗೆಯ ಪಕ್ಕಕ್ಕೆ ಬರಬಹುದು. ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಮೂರು ತಿಂಗಳಿಗೊಮ್ಮೆ ಪ್ರತಿ ಸರ್ವೆ ನಂಬರಿಗೂ ಋಣಭಾರ ಪತ್ರ (ಇ.ಸಿ.) ತೆಗೆಸಿ. ಜೊತೆಗೆ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಸ್ಥಿತಿಯನ್ನು ಕಂದಾಯ ಇಲಾಖೆಯ ‘ಭೂಮಿ’ ತಾಣದಲ್ಲಿ ನೋಡಿ. ಗೊತ್ತಿಲ್ಲದ ವಹಿವಾಟು ಕಂಡರೆ ಖಾತೆ ಬದಲಾಗುವ ಮೊದಲೇ ಗ್ರಾಮ ಆಡಳಿತಾಧಿಕಾರಿಗೂ ತಹಶೀಲ್ದಾರರಿಗೂ ತಕರಾರು ಅರ್ಜಿ ಕೊಡಿ. ಅದಕ್ಕೆ ಸಿಗುವ ದಿನಗಳು ಕಡಿಮೆ.

ಮರೆವಿನ ಕಾಯಿಲೆ ಶುರುವಾಗಿದ್ದರೆ ವೈದ್ಯರಿಂದ ತಾರೀಕು ಸಹಿತ ಬರವಣಿಗೆ ಪಡೆಯಿರಿ. ಮುಂದೆ ಆ ತಾರೀಕಿನ ನಂತರದ ಸಹಿಯನ್ನು ಪ್ರಶ್ನಿಸಲು ಅದೇ ಆಧಾರ. ಹಾಸನದ ಹಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯ ಚೀಟಿಯಿದ್ದರೆ ಇನ್ನೂ ಒಳ್ಳೆಯದು.

ಹಿರಿಯರು ಮನಸಾರೆ ಯಾರಿಗಾದರೂ ಆಸ್ತಿ ಬರೆಯುವುದಾದರೆ ಪತ್ರದಲ್ಲಿ ಒಂದು ಸಾಲು ಕಡ್ಡಾಯವಾಗಿ ಸೇರಿಸಿ: ಪಡೆದವರು ಇವರ ಊಟ, ವಸತಿ, ಔಷಧಿ, ಆರೈಕೆ ನೋಡಿಕೊಳ್ಳಬೇಕು ಎಂಬ ಷರತ್ತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಆ ಷರತ್ತು ಮುರಿದರೆ ಪತ್ರವನ್ನು ಅಸಿಂಧುವೆಂದು ಘೋಷಿಸಬಹುದು. ಷರತ್ತೇ ಇಲ್ಲದ ಪತ್ರದಲ್ಲಿ ವಾದ ಎಳೆದಾಟವಾಗುತ್ತದೆ. ಅರ್ಜಿ ಹೋಗಬೇಕಾದ್ದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ: ಹಾಸನ ಜಿಲ್ಲೆಗೆ ಹಾಸನ ಮತ್ತು ಸಕಲೇಶಪುರದಲ್ಲಿ, ಚಿಕ್ಕಮಗಳೂರಿಗೆ ಚಿಕ್ಕಮಗಳೂರು ಮತ್ತು ತರೀಕೆರೆಯಲ್ಲಿ. ಓಡಾಡಲಾಗದವರು ಇನ್ನೊಬ್ಬರಿಗೆ ಅಧಿಕಾರ ಕೊಟ್ಟು ಅರ್ಜಿ ಹಾಕಿಸಬಹುದು. ಆದೇಶ ವಿರುದ್ಧ ಬಂದರೆ ಹಿರಿಯರು 60 ದಿನದೊಳಗೆ ಮೇಲ್ಮನವಿ ಮಂಡಳಿಗೆ ಹೋಗಬಹುದು.

ಅನುಮಾನ ಬಂದಾಗ

ಮೊದಲು ಹುಡುಕಿ. ಮರೆವಿನ ಕಾಯಿಲೆಯವರು ವಸ್ತುವನ್ನು ತಾವೇ ಬಚ್ಚಿಟ್ಟು, ಕದ್ದಿದ್ದಾರೆಂದು ಹತ್ತಿರದವರನ್ನೇ ದೂರುವುದು ಆ ಕಾಯಿಲೆಯ ಸಾಮಾನ್ಯ ಲಕ್ಷಣ. ಅಕ್ಕಿ ಡಬ್ಬ, ದಿಂಬಿನ ಕವರಿನ ಒಳಗು, ಹಾಸಿಗೆಯ ಕೆಳಗೆ, ದೇವರ ಮನೆಯ ಕುಂಕುಮದ ಬಟ್ಟಲು, ಮಡಿಸಿಟ್ಟ ರೇಷ್ಮೆ ಸೀರೆಯ ಪದರ, ಹಳೆಯ ಔಷಧಿ ಪೊಟ್ಟಣ, ಬಿಸಾಡಲು ಇಟ್ಟ ಪೇಪರಿನ ಕಟ್ಟು ಎಲ್ಲವನ್ನೂ ನೋಡಿ. ಇಬ್ಬರು ಸೇರಿ ಹುಡುಕಿ, ಆಳು ಜೊತೆಗಿದ್ದರೂ ಸರಿ.

ಸಿಗದಿದ್ದರೆ ಹಿರಿಯರ ಜೊತೆ ಒಬ್ಬರೇ ಕೂತು, ಆಳು ಹೊರಗೆ ಹೋದ ಹೊತ್ತಿನಲ್ಲಿ ಮಾತಾಡಿ. ‘ಯಾರು ತಗೊಂಡ್ರು?’ ಎಂದು ಕೇಳಿದರೆ ಬಾಯಿ ಮುಚ್ಚುತ್ತದೆ. ‘ಅಮ್ಮ, ಬಳೆ ಯಾವತ್ತು ತೆಗೆದ್ರಿ? ಆಗ ಯಾರು ಪಕ್ಕದಲ್ಲಿದ್ರು?’ ಎಂದು ಕೇಳಿ. ‘ಇವಳು ಹೋದರೂ ಬೇರೆಯವರನ್ನ ಇಟ್ಟೇ ಇಡ್ತೀವಿ’ ಎಂಬ ಭರವಸೆ ಮೊದಲು ಕೊಡಿ.

ಮಾಡಬಾರದ್ದು ಇಷ್ಟು: ಆಳಿನ ಮೈ ತಡವುವುದು, ಕೋಣೆಯಲ್ಲಿ ಕೂಡಿಹಾಕುವುದು, ಹೊಡೆಯುವುದು, ಫೋನು ಕಿತ್ತುಕೊಳ್ಳುವುದು, ಜಾತಿ ಹಿಡಿದು ಬಯ್ಯುವುದು. ಕಳವಿನ ದೂರು ಕೊಡಲು ಹೋದವರ ಮೇಲೆಯೇ ಇದರಿಂದ ಪ್ರಕರಣ ದಾಖಲಾಗುತ್ತದೆ. ತಪ್ಪೊಪ್ಪಿಗೆ ಬರೆಸಿಕೊಂಡು ಬಿಡುವುದೂ ಬೇಡ. ಬೆದರಿಸಿ ಬರೆಸಿದ್ದು ಎಂದರೆ ಆ ಕಾಗದ ನಿಮಗೇ ತಿರುಗುತ್ತದೆ.

ಖಾತ್ರಿಯಾದ ಮೇಲೆ

ಬದಲಿ ಆಳು ಅಥವಾ ನೆಂಟರು ಮನೆಗೆ ಬಂದ ಮೇಲೆಯೇ ಮಾತು ಎತ್ತಿ. ಸಿಟ್ಟಿನಲ್ಲಿ ಹೊರಗೆ ಹಾಕಿ, ಆ ರಾತ್ರಿ ಹಾಸಿಗೆ ಹಿಡಿದವರು ಒಬ್ಬರೇ ಉಳಿದರೆ ಕಳವಿಗಿಂತ ದೊಡ್ಡ ಅನಾಹುತ.

ಅದೇ ಗಂಟೆಯಲ್ಲಿ ಕಾರ್ಡು, ಯುಪಿಐ, ಬೇಕಾದರೆ ಸಿಮ್ಮು ಬಂದ್ ಮಾಡಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಆನ್‌ಲೈನ್ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಿರಿಯರಿಗೆ ಬೆದರಿಕೆ, ಹಲ್ಲೆ ಇದ್ದರೆ 112. ಏನು ಮಾಡಬೇಕೆಂದೇ ತೋಚದಿದ್ದರೆ ಹಿರಿಯರ ಸಹಾಯವಾಣಿ 14567. ಕ್ಯಾಮೆರಾದ ದೃಶ್ಯ ಅಂದೇ ನಕಲು ಮಾಡಿ, ಡಿಸ್ಕು ತುಂಬಿದಂತೆ ಹಳೆಯದು ಅಳಿಯುತ್ತದೆ. ಮೂಲ ಯಂತ್ರವನ್ನು ಹಾಗೇ ಇಡಿ, ನ್ಯಾಯಾಲಯಕ್ಕೆ ಪ್ರಮಾಣಪತ್ರ ಕೊಡುವಾಗ ಬೇಕಾಗುತ್ತದೆ.

ದೂರು ಅರ್ಜಿಯಲ್ಲಿ ಇರಬೇಕಾದ್ದು: ವಸ್ತುವಿನ ವಿವರ, ತೂಕ, ಫೋಟೊ, ಕೊನೆಯ ಸಲ ನೋಡಿದ ದಿನ, ಇಲ್ಲವೆಂದು ತಿಳಿದ ದಿನ, ಆ ನಡುವೆ ಮನೆಗೆ ಬಂದು ಹೋದ ಎಲ್ಲರ ಹೆಸರು, ಆಳಿನ ಗುರುತಿನ ಚೀಟಿ, ಫೋನ್ ನಂಬರು, ಸೇರಿದ ದಿನ. ಅನುಮಾನವನ್ನು ಅನುಮಾನವೆಂದೇ ಬರೆಯಿರಿ. ಮನೆಯೊಳಗಿನ ಕಳವು ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂಗೆ, ಕೆಲಸದವರು ಯಜಮಾನರ ವಸ್ತು ಕದ್ದದ್ದು 306ಕ್ಕೆ ಬರುತ್ತದೆ. ಎರಡಕ್ಕೂ ಏಳು ವರ್ಷದವರೆಗೆ ಶಿಕ್ಷೆ. ನಂಬಿ ಕೊಟ್ಟ ಹಣ ನುಂಗಿದ್ದು 316. ಸಹಿ ನಕಲು ಮಾಡಿದ್ದರೆ ಕಲಂ ಬೇರೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಅರವತ್ತು ದಾಟಿದವರನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆಮೇಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ವಕೀಲರ ಖರ್ಚು ಕಷ್ಟವಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ.

ಕದ್ದ ಒಡವೆ ಹೆಚ್ಚಾಗಿ ಗಿರವಿಯಲ್ಲಿರುತ್ತದೆ. ನೀವೇ ಅಂಗಡಿಗೆ ಹೋಗಿ ಹಣ ಕಟ್ಟಿ ಬಿಡಿಸಿಕೊಂಡು ಬರಬೇಡಿ, ಸಾಕ್ಷ್ಯ ಅಲ್ಲಿಗೇ ಮುಗಿಯುತ್ತದೆ. ಪೊಲೀಸರು ಪಂಚನಾಮೆ ಮಾಡಿ ವಶಪಡಿಸಿಕೊಂಡ ಮೇಲೆ, ಪ್ರಕರಣ ಮುಗಿಯುವವರೆಗೂ ಕಾಯದೆ, ಮಧ್ಯಂತರ ವಶಕ್ಕೆ ಕೊಡುವಂತೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಮೊದಲು ಮಾಡಿದ ಫೋಟೊ, ತೂಕದ ಪಟ್ಟಿ, ಹಳೆಯ ಬಿಲ್ಲು ಕೆಲಸಕ್ಕೆ ಬರುವುದು ಅಲ್ಲೇ. ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಲಯ ಒಡವೆ ಕೊಡುತ್ತದೆ. ವಿಚಾರಣೆ ಮುಗಿಯುವವರೆಗೆ ಅದನ್ನು ಮಾರಬೇಡಿ, ಕರಗಿಸಬೇಡಿ, ಮುರಿದ ಕೊಂಡಿಯನ್ನೂ ರಿಪೇರಿ ಮಾಡಿಸಬೇಡಿ. ಕರೆದ ದಿನ ಹಾಗೇ ಹಾಜರುಪಡಿಸಬೇಕಾಗುತ್ತದೆ.